ವಿಬಿಎಸ್ ಮುಗಿದ ಮೇಲೂ ಉಳಿಯುವ ಶಿಬಿರ: ಸಭೆಗೂ ಮನೆಗೂ ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ಸಡಗರ. ಬಣ್ಣದ ಕಾಗದ, ಆ್ಯಕ್ಷನ್ ಸಾಂಗ್, ಬಾಯಿಪಾಠದ ವಾಕ್ಯ, ಕೊನೆಯ ದಿನ ಮೆರವಣಿಗೆ, ಭಾನುವಾರದ ಆರಾಧನೆಯಲ್ಲಿ ಮಕ್ಕಳ ಹಾಡು. ಮಕ್ಕಳು ಖುಷಿಯಾಗಿರುತ್ತಾರೆ, ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ಜೂನ್ ಹೊತ್ತಿಗೆ ಯೂನಿಫಾರ್ಮು, ಫೀಸು, ಟ್ಯೂಷನ್ನು ಅಂತ ಮನೆಯ ಗಮನವೆಲ್ಲ ಬೇರೆ ಕಡೆ ತಿರುಗಿರುತ್ತದೆ. "ಕ್ಷಮಿಸಬೇಕು" ಎಂದು ಕೈಬೀಸಿ ಹಾಡಿದ ಮಗು, ಮನೆಯಲ್ಲಿ ಅಪ್ಪನೂ ಚಿಕ್ಕಪ್ಪನೂ ಮಾತು ಬಿಟ್ಟಿರುವುದನ್ನು ನೋಡುತ್ತಲೇ ಇರುತ್ತದೆ.

ಸಂಡೇ ಸ್ಕೂಲಿನಲ್ಲಿ ಮಕ್ಕಳ ಜೊತೆ ಇರುವವರಿಗೆಲ್ಲ ಇದು ಗೊತ್ತಿರುವ ವಿಷಯ. ಹಾಗಾಗಿ ಈ ಬರಹದ ಹಿಂದೆ ಇರುವುದು ಒಂದೇ ಮಾತು: ಶಿಬಿರವನ್ನು ಮನೆಯಿಂದ ಶುರು ಮಾಡಿ, ಮತ್ತೆ ಮನೆಗೇ ತಂದು ಸೇರಿಸಬೇಕು. ಐದು ದಿನದ ಕಾರ್ಯಕ್ರಮ ಮಾಡಿ ಆಮೇಲೆ ಅಪ್ಪ ಅಮ್ಮನಿಗೆ ಒಂದು ಚೀಟಿ ಕೊಟ್ಟು ಕಳಿಸಿದರೆ ಸಾಲದು.

ರಜೆಯಲ್ಲಿ ಮಕ್ಕಳಿಗೆ ದೇವರ ವಾಕ್ಯ ಹೇಳುವ ಪದ್ಧತಿಗೆ ವಯಸ್ಸಾಗಿದೆ. 1868ರಲ್ಲಿ ವೇಲ್ಸ್‌ನ ಲ್ಯಾಂಡಡ್ನೋ ಕಡಲ ತೀರದಲ್ಲಿ ಜೊಸೈಯಾ ಸ್ಪೈಯರ್ಸ್ ಎಂಬವರು ಮರಳಿನ ಮೇಲೆ "ದೇವರು ಪ್ರೀತಿಸ್ವರೂಪಿ" ಎಂದು ಬರೆದು, ರಜೆಗೆ ಬಂದ ಮಕ್ಕಳಿಂದ ಅದನ್ನು ಚಿಪ್ಪು ಕಲ್ಲುಗಳಲ್ಲಿ ಅಲಂಕರಿಸಿದರು. 1890ರ ದಶಕದಲ್ಲಿ ಅಮೆರಿಕದಲ್ಲಿ ರಜಾ ಬೈಬಲ್ ಶಾಲೆಗಳು ಹುಟ್ಟಿದವು. ಆದರೆ ಮೋಶೆ ಕೊಟ್ಟ ಮಾತು ಇದಕ್ಕಿಂತ ಎಷ್ಟೋ ಹಳೆಯದು. ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆಗೆದು ನೋಡಿ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ಈ ವಾಕ್ಯಗಳನ್ನು ಮಾತಾಡು ಎನ್ನುತ್ತದೆ. ಈ ಕೆಲಸ ತಂದೆತಾಯಿಯದ್ದು. ಶಿಬಿರ ಅವರಿಗೆ ಒಂದು ಆಸರೆ ಅಷ್ಟೇ.

ಹೆಜ್ಜೆ 1: ಫೆಬ್ರವರಿಯಲ್ಲೇ ಮನೆಗಳಿಗೆ ಹೋಗಿ

ಶಿಬಿರದ ಪಾಠಪುಸ್ತಕ ಕೊಳ್ಳುವ ಮೊದಲೇ ಮನೆಗಳಿಗೆ ಭೇಟಿ ಕೊಡಿ. ಇಬ್ಬಿಬ್ಬರು ಸಂಡೇ ಸ್ಕೂಲ್ ಶಿಕ್ಷಕರು ಜೊತೆಯಾಗಿ, ಮಕ್ಕಳಿರುವ ಪ್ರತಿ ಮನೆಗೂ ಹೋಗಬೇಕು. ಅಯ್ಯನವರು (ಸಭೆಯ ಪಾಸ್ಟರ್) ಒಬ್ಬರೇ ಎಲ್ಲ ಮನೆ ಸುತ್ತಲು ಆಗುವುದಿಲ್ಲ, ಅವರ ಮೇಲೆ ಹೊರಿಸಬೇಡಿ. ಕೇಳಬೇಕಾದ ಪ್ರಶ್ನೆ ಮೂರೇ. ಮನೆಯವರೆಲ್ಲ ಒಟ್ಟಿಗೆ ಕೂರುವ ಹೊತ್ತು ಯಾವುದು? ಪ್ರಾರ್ಥನೆ ನಡೆಯುತ್ತಿದ್ದರೆ ಹೇಗೆ ನಡೆಯುತ್ತದೆ, ನಿಂತಿದ್ದರೆ ಯಾಕೆ ನಿಂತಿತು? ಮಕ್ಕಳು ಯಾವ ಭಾಷೆಯಲ್ಲಿ ಓದುತ್ತಾರೆ, ಅಜ್ಜ ಅಜ್ಜಿ ಯಾವ ಭಾಷೆಯಲ್ಲಿ ಓದುತ್ತಾರೆ?

ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಅವರ ಮುಂದೆ ಕೂತು ಬರೆಯಬೇಡಿ. ತಪಾಸಣೆಗೆ ಬಂದ ಹಾಗೆ ಕಾಣಬಾರದು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ರಾತ್ರಿ ಪಾಳಿಯ ಡ್ರೈವರ್ ತಂದೆ, ಕಾಫಿ ತೋಟದ ಲೈನ್ ಮನೆಯಲ್ಲಿ ಇರುವ ಕುಟುಂಬ, ಅಪ್ಪ ಮಸ್ಕತ್ತಿನಲ್ಲಿ ಇರುವ ಮನೆ: ಒಂದೊಂದರ ದಿನಚರಿಯೂ ಬೇರೆ. ಇದು ತಿಳಿಯದೆ "ಪ್ರತಿದಿನ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ ಮಾಡಿ" ಎಂದರೆ ಯಾರ ಮನೆಗೂ ಹೊಂದುವುದಿಲ್ಲ.

ದಿನ ಗೊತ್ತು ಮಾಡುವಾಗ ಈಸ್ಟರ್ ಮೊದಲು ನೋಡಿ. ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬರಬಹುದು. ಈಸ್ಟರ್‌ಗೆ ಮುಂಚಿನ ಶ್ರಮೆಯ ವಾರದಲ್ಲಿ ಶಿಬಿರ ಬೇಡವೇ ಬೇಡ. ಈಸ್ಟರ್‌ಗೆ ಮುಂಚಿನ ಉಪವಾಸದ ಲೆಂಟ್ ಕಾಲದಲ್ಲಿ ಮದುವೆ ಇಟ್ಟುಕೊಳ್ಳದ ಸಭೆಗಳಲ್ಲಿ ಈಸ್ಟರ್ ಆದ ಕೂಡಲೇ ಮದುವೆಗಳು ಸಾಲಾಗಿ ಬರುತ್ತವೆ. ಹಾಲ್ ಬೇಕೆಂದರೆ ಈಗಲೇ ಹೇಳಿಡಿ. ಮೇ ಎರಡನೇ ವಾರ ದಾಟಿದರೆ ಅರ್ಧ ಮಕ್ಕಳು ಅಜ್ಜಿ ಊರಿನಲ್ಲಿ ಇರುತ್ತಾರೆ.

ಹೆಜ್ಜೆ 2: ಐದು ಬೆಳಗ್ಗೆ, ಒಂದು ರಾತ್ರಿ

ನನಗೆ ಒಳ್ಳೆಯದೆನಿಸುವ ಆಕಾರ ಇದು. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 9ರಿಂದ 12.30. ಮಧ್ಯಾಹ್ನ ಊಟ ಮಾಡಿಸಿ ಮನೆಗೆ. ಶುಕ್ರವಾರ ಸಂಜೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ಬಂದು ಸೇರುತ್ತಾರೆ. ರಾತ್ರಿ ಅಲ್ಲೇ ತಂಗಿ, ಶನಿವಾರ ಮಧ್ಯಾಹ್ನ ಮುಗಿಸುವುದು. ಚರ್ಚಿನ ಹಾಲ್, ಮಿಷನ್ ಶಾಲೆಯ ಕೋಣೆಗಳು ಸಾಕು. ಮಡಿಕೇರಿ, ಚಿಕ್ಕಮಗಳೂರಿನ ರೆಸಾರ್ಟ್ ಬೇಕೆಂದು ಹಟ ಹಿಡಿಯುವ ಸಮಿತಿಗಳಿವೆ. ದೂರ ಹೋದಷ್ಟೂ ಬಡ ಕುಟುಂಬಗಳು ಹಿಂದೆ ಸರಿಯುತ್ತವೆ, ಮುದುಕರು ಬರುವುದಿಲ್ಲ. ಹತ್ತಿರವೇ ಒಳ್ಳೆಯದು.

ಶುಲ್ಕ ಇಡಬಹುದು. ಆದರೆ ದುಡ್ಡಿಲ್ಲ ಎಂದು ಒಂದು ಮಗುವೂ ಗೇಟಿನಿಂದ ಹಿಂದೆ ಹೋಗಬಾರದು. "ಇನ್ನೊಂದು ಮಗುವಿಗೂ ಸೇರಿಸಿ ಕೊಡಿ" ಎಂದು ಸಭೆಯಲ್ಲಿ ಪ್ರಕಟಿಸಿದರೆ ಕೊಡುವವರು ಇದ್ದೇ ಇರುತ್ತಾರೆ. ಯಾರ ಮಗುವಿಗೆ ಯಾರು ಕೊಟ್ಟರು ಎಂಬುದು ಖಜಾಂಚಿಗೆ ಮಾತ್ರ ಗೊತ್ತಿರಲಿ.

ಗುಂಪು ಮಾಡುವಾಗ 4ರಿಂದ 6, 7ರಿಂದ 10, 11ರಿಂದ 14 ವಯಸ್ಸು ಎಂದು ಮೂರು ಮಾಡಿ. 15 ದಾಟಿದವರನ್ನು ಸುಮ್ನೆ ಕೂರಿಸಿ ಪಾಠ ಕೇಳಿಸಬೇಡಿ. ಅವರಿಗೆ ಜವಾಬ್ದಾರಿ ಕೊಡಿ: ಹಾಡು, ನಾಟಕ, ಹಾಜರಿ, ನೀರು. ಆದರೆ ಅವರೂ ಇನ್ನೂ ಮಕ್ಕಳೇ, ಅವರ ಕೈಗೆ ಒಂದು ಗುಂಪನ್ನು ಒಪ್ಪಿಸಿ ದೊಡ್ಡವರು ದೂರ ಹೋಗುವಂತಿಲ್ಲ.

ಹೆಜ್ಜೆ 3: ಮಕ್ಕಳ ಸುರಕ್ಷತೆ

ಇದನ್ನು ಬೇಗ ಓದಿ ಮುಂದೆ ಹೋಗಬೇಡಿ. "ನಮ್ಮ ಸಭೆಯವರೇ ಅಲ್ವಾ" ಎಂಬ ನಂಬಿಕೆಯ ಮೇಲೆ ಮಕ್ಕಳ ಸುರಕ್ಷತೆಯನ್ನು ಬಿಡಲಾಗದು.

ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಇರಬಾರದು, ಕಡಿಮೆಯೆಂದರೂ ಇಬ್ಬರು. ಹುಡುಗಿಯರ ಗುಂಪಿನಲ್ಲಿ ಒಬ್ಬರಾದರೂ ಹೆಂಗಸರು. ಕೋಣೆಯ ಬಾಗಿಲು ತೆರೆದಿರಬೇಕು. ಶೌಚಾಲಯಕ್ಕೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರೆಂದು ಮೊದಲೇ ಗೊತ್ತು ಮಾಡಿ. ರಾತ್ರಿ ತಂಗುವಾಗ ಮಕ್ಕಳು ತಮ್ಮ ತಮ್ಮ ಕುಟುಂಬದ ಜೊತೆಯೇ ಮಲಗಲಿ. ತಂದೆತಾಯಿ ಬಾರದ ಮಗುವನ್ನು ರಾತ್ರಿ ಉಳಿಸಿಕೊಳ್ಳದಿರುವುದೇ ಸರಿ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. "ಸಭೆಯ ಮರ್ಯಾದೆ ಹೋಗುತ್ತದೆ, ಒಳಗೇ ಮಾತಾಡಿ ಮುಗಿಸೋಣ" ಎನ್ನುವ ಹಿರಿಯರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಮಕ್ಕಳ ಸಹಾಯವಾಣಿ 1098 ಮತ್ತು ಆ್ಯಂಬುಲೆನ್ಸ್ 108, ಈ ಎರಡು ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಇರಲಿ.

ಉಳಿದದ್ದು: ಪ್ರತಿ ಮಗುವಿಗೂ ತಂದೆ ಅಥವಾ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ. ಅದರಲ್ಲಿ ಅಲರ್ಜಿ, ಫಿಟ್ಸ್, ಆಸ್ತಮಾ, ನಡೆಯುತ್ತಿರುವ ಔಷಧಿ, ಮಗುವನ್ನು ಕರೆದುಕೊಂಡು ಹೋಗಲು ಬರುವವರ ಹೆಸರು. ಫೋಟೊ ತೆಗೆದರೆ ಮಕ್ಕಳ ಹೆಸರು ಸೇರಿಸಿ ಎಲ್ಲೂ ಹಾಕಬೇಡಿ. ಬಾವಿ, ಸಂಪು, ಕಲ್ಲುಕ್ವಾರಿಯ ನೀರು, ಸಮುದ್ರ, ಈ ನಾಲ್ಕರ ಹತ್ತಿರ ಆಟ ಇಲ್ಲ. ಬಾವಿಗೆ ಜಾಲರಿ ಇಲ್ಲದಿದ್ದರೆ ಹಾಕಿಸಿಯೇ ಶಿಬಿರ ಶುರು ಮಾಡಿ. ಗೂಡ್ಸ್ ಗಾಡಿಯಲ್ಲಿ ಮಕ್ಕಳನ್ನು ತುಂಬಿ ತರಬೇಡಿ.

ಬೇಸಿಗೆಯ ಬಿಸಿಲಲ್ವಾ, ಹೊರಗಿನ ಆಟ ಹತ್ತೂವರೆಯೊಳಗೆ ಮುಗಿಯಲಿ. ಒಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾಗಬಾರದು.

ಹೆಜ್ಜೆ 4: ಒಂದೇ ಕಥೆ, ಐದು ದಿನ

ದಿನಕ್ಕೊಂದು ಬೇರೆ ಬೇರೆ ಕಥೆ ಹೇಳುವ ಬದಲು ಒಂದೇ ಕುಟುಂಬದ ಕಥೆಯನ್ನು ಐದು ದಿನ ಹೇಳಿ. ಯೋಸೇಫನ ಕಥೆಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 37ರಿಂದ 50ರವರೆಗೆ, ನಡುವಿನ 38ನೇ ಅಧ್ಯಾಯ ಬಿಟ್ಟು. ಅದರಲ್ಲಿ ಇರುವುದೆಲ್ಲ ನಮ್ಮ ಮನೆಗಳಲ್ಲೇ ಇರುವಂಥದ್ದು: ಒಬ್ಬ ಮಗನ ಮೇಲೆ ಜಾಸ್ತಿ ಪ್ರೀತಿ, ಅಣ್ಣತಮ್ಮಂದಿರ ಹೊಟ್ಟೆಕಿಚ್ಚು, ಮುಚ್ಚಿಟ್ಟ ಸುಳ್ಳು, ದುಡಿಮೆಗೆ ದೂರದ ದೇಶ, ಬರಗಾಲ, ಮತ್ತೆ ಒಂದಾಗುವುದು.

ಸೋಮವಾರ, ಅಪ್ಪ ಯಾಕೋಬ ಯೋಸೇಫನಿಗೆ ಮಾತ್ರ ಮಾಡಿಸಿಕೊಟ್ಟ ಅಂಗಿ. ಕಾಗದದ ಬಣ್ಣದ ಅಂಗಿ ಮಾಡಿಸುವುದು ಎಲ್ಲ ಕಡೆ ಇದ್ದದ್ದೇ, ಮಾಡಿಸಿ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಯಾಕೋಬ ಯಾಕೆ ಹೀಗೆ ಭೇದ ಮಾಡಿದ ಎಂದು ಕೇಳಿ. 25ನೇ ಅಧ್ಯಾಯ 28ನೇ ವಚನಕ್ಕೆ ಹಿಂದೆ ಹೋಗಿ. ಯಾಕೋಬನ ಅಪ್ಪ ಇಸಾಕನಿಗೆ ಅಣ್ಣ ಏಸಾವನ ಮೇಲೆ ಪ್ರೀತಿ, ಅಮ್ಮ ರೆಬೆಕ್ಕಳಿಗೆ ಯಾಕೋಬನ ಮೇಲೆ. ಭೇದದ ಮನೆಯಲ್ಲಿ ಬೆಳೆದವನು ತನ್ನ ಮನೆಯಲ್ಲೂ ಅದನ್ನೇ ಮಾಡಿದ. ಆ ರಾತ್ರಿ ಮನೆಯಲ್ಲಿ ಅಪ್ಪ ಅಮ್ಮ ಕೇಳಬೇಕಾದ ಪ್ರಶ್ನೆ: "ನಾವು ನಿನಗೆ ಭೇದ ಮಾಡಿದ ಹಾಗೆ ಯಾವಾಗಾದರೂ ಅನ್ನಿಸಿದೆಯಾ?" ಮಗು ಏನೇ ಹೇಳಲಿ, ಆ ರಾತ್ರಿ ವಾದ ಬೇಡ. ಕೇಳಿಸಿಕೊಂಡರೆ ಸಾಕು. ಇದನ್ನು ತಂದೆತಾಯಿಗೆ ಮೊದಲೇ ಹೇಳಿ ಒಪ್ಪಿಸಿರಬೇಕು.

ಮಂಗಳವಾರ, ಸುಳ್ಳು. ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ತಮ್ಮನನ್ನು ಮಾರಿದರು. ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ಅಪ್ಪನಿಗೆ ತೋರಿಸಿದರು. ದೊಡ್ಡ ಮಕ್ಕಳಿಗೆ 27ನೇ ಅಧ್ಯಾಯ ನೆನಪಿಸಿ. ಇದೇ ಯಾಕೋಬ ಮೇಕೆಮರಿಯ ಚರ್ಮ ಕೈಗೆ ಸುತ್ತಿಕೊಂಡು ಕಣ್ಣು ಕಾಣದ ತನ್ನ ಅಪ್ಪನನ್ನು ಮೋಸ ಮಾಡಿದ್ದ. ಲೆಕ್ಕವನ್ನೂ ಮಾಡಿಸಿ. ಕಥೆ ಶುರುವಾದಾಗ ಯೋಸೇಫನಿಗೆ 17, ಫರೋಹನ ಮುಂದೆ ನಿಂತಾಗ 30, ಸುಭಿಕ್ಷದ 7 ವರ್ಷ, ಬರದ 2 ವರ್ಷ. ಅಂದರೆ ಹೆಚ್ಚು ಕಡಿಮೆ 22 ವರ್ಷ ಆ ಸುಳ್ಳು ಆ ಮನೆಯಲ್ಲೇ ಇತ್ತು, ದಿನಾ ಊಟಕ್ಕೆ ಕೂತಾಗಲೂ. ಮಕ್ಕಳು ಈ ಲೆಕ್ಕ ಮಾಡಿದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಅಲ್ಲಿ ನೀವು ಏನೂ ಸೇರಿಸಬೇಡಿ.

ಬುಧವಾರ, ಪೋಟೀಫರನ ಮನೆ ಮತ್ತು ಸೆರೆಮನೆ, 39ರಿಂದ 41. ಯಜಮಾನ ಪೋಟೀಫರನ ಹೆಂಡತಿ ಯೋಸೇಫನನ್ನು ತಪ್ಪಿಗೆ ಒತ್ತಾಯಿಸುತ್ತಾಳೆ, ಅವನು ಒಪ್ಪದಿದ್ದಾಗ ಸುಳ್ಳು ದೂರು ಹೇಳಿ ಸೆರೆಗೆ ಹಾಕಿಸುತ್ತಾಳೆ. ಚಿಕ್ಕವರಿಗೆ "ಯಾರೂ ನೋಡದಿದ್ದಾಗಲೂ ಸರಿಯಾಗಿ ನಡೆಯುವುದು" ಎಂಬಷ್ಟು ಸಾಕು. 11 ದಾಟಿದವರ ಗುಂಪಿನಲ್ಲಿ ಬೇರೆ ಮಾತು ಆಡಲೇಬೇಕು. ಮೇಲಿನ ಸ್ಥಾನದಲ್ಲಿ ಇರುವವರು ತಪ್ಪು ಕೆಲಸಕ್ಕೆ ಒತ್ತಾಯಿಸಿದರೆ ಯೋಸೇಫನ ಹಾಗೆ ಬೇಡ ಎಂದು ಹೇಳು, ಅಲ್ಲಿಂದ ಓಡು, ನಂಬುವ ದೊಡ್ಡವರಿಗೆ ಹೇಳು, ಅವರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು. ಹುಡುಗಿಯರಿಗೆ ಅಕ್ಕಂದಿರು, ಹುಡುಗರಿಗೆ ಅಣ್ಣಂದಿರು, ಇಬ್ಬಿಬ್ಬರಾಗಿ ಕೂತು ನಾಚಿಕೆ ಬಿಟ್ಟು ಮಾತಾಡಿ. ಹುಡುಗರಿಗೂ ಇದು ಬೇಕು. ಮೋಸಕ್ಕೆ ಒಳಗಾದದ್ದು ಇಲ್ಲಿ ಒಬ್ಬ ಹುಡುಗನೇ.

ಗುರುವಾರ, ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ. ಬಹಳ ಪಾಠಪುಸ್ತಕಗಳು 42ರಿಂದ 44ನ್ನು ಹಾರಿಸಿ ನೇರ ಕ್ಷಮಾಪಣೆಗೆ ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. "ಇವನನ್ನು ಮಾರಿಬಿಡೋಣ" ಎಂದು 37ರಲ್ಲಿ ಹೇಳಿದವನು ಯೆಹೂದ. "ತಮ್ಮನನ್ನು ಬಿಟ್ಟುಬಿಡು, ಅವನ ಬದಲು ನಾನೇ ದಾಸನಾಗಿ ಇರುತ್ತೇನೆ" ಎಂದು 44ರಲ್ಲಿ ಬೇಡಿಕೊಂಡವನೂ ಅದೇ ಯೆಹೂದ. ಮನುಷ್ಯ ಬದಲಾಗುತ್ತಾನೆ ಎಂಬುದು ಇಡೀ ಕಥೆಯ ನಡುಕಂಬ. ಇನ್ನೊಬ್ಬರ ಬದಲು ತನ್ನನ್ನೇ ಒಪ್ಪಿಸುವುದು ಎಂದಾಗ ನಮಗೆ ಕ್ರಿಸ್ತ ನೆನಪಾಗುತ್ತಾನೆ. ಯೇಸು ಹುಟ್ಟಿದ್ದೂ ಯೆಹೂದನ ಕುಲದಲ್ಲೇ. ಇದನ್ನು ನಾಟಕ ಮಾಡಿಸಿ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಸಿಗುವ ಜಾಗ ಮಕ್ಕಳಿಗೆ ಬಹಳ ಇಷ್ಟ.

ಶುಕ್ರವಾರ, ಯೋಸೇಫ ಅಣ್ಣಂದಿರನ್ನು ಕ್ಷಮಿಸುವ 45 ಮತ್ತು 50ನೇ ಅಧ್ಯಾಯವನ್ನು ಬೆಳಗ್ಗೆ ಅರ್ಧ ಹೇಳಿ, ಉಳಿದದ್ದನ್ನು ಸಂಜೆ ಮನೆಯವರೆಲ್ಲ ಬಂದ ಮೇಲೆ ಹೇಳಿ.

ಹೆಜ್ಜೆ 5: ಪಾಠ ಹೇಳುವ ರೀತಿ

ಮೊದಲು ಭಾಷೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಸತ್ಯವೇದದ (ಬೈಬಲಿನ) ಕನ್ನಡ ಓದಲು ಕಷ್ಟ, ಅಜ್ಜಿಗೆ ಇಂಗ್ಲಿಷ್ ಬಾರದು. ಇನ್ನು ಕೆಲವರ ಮನೆಯಲ್ಲಿ ತಮಿಳು, ತೆಲುಗು, ತುಳು, ಕೊಂಕಣಿ. ಓದುವುದು ಯಾವ ಭಾಷೆಯಲ್ಲಾದರೂ ಇರಲಿ, ಕಥೆ ಹೇಳುವುದು ಮಾತ್ರ ಕನ್ನಡದಲ್ಲಿ ಇರಲಿ. ಬಾಯಿಪಾಠದ ವಾಕ್ಯ ದಿನಕ್ಕೊಂದು ಬೇಡ, ವಾರಕ್ಕೆ ಎರಡು ಸಾಕು. ಮನೆಯವರೂ ಅದನ್ನೇ ಕಲಿಯಬೇಕಲ್ಲ.

ಹಾಡಿನ ವಿಷಯದಲ್ಲಿ ನನ್ನ ಮನಸ್ಸು ಸ್ವಲ್ಪ ಬಿಗಿ. ಡ್ರಮ್ ಟ್ರ್ಯಾಕ್ ಹಾಕಿ ಕುಣಿಸುವ ಹಾಡು ಒಂದೆರಡು ಇರಲಿ. ಆದರೆ ಮನೆಯಲ್ಲಿ ಸ್ಪೀಕರ್ ಇಲ್ಲದೆ, ಅಮ್ಮ ಪಾತ್ರೆ ತೊಳೆಯುತ್ತಾ ಹಾಡಬಹುದಾದ ಕೀರ್ತನೆಗಳನ್ನು ಕಲಿಸಿ. ಜರ್ಮನ್ ಮಿಷನರಿ ಕಿಟೆಲ್ ಅವರು 1862ರ ಹೊತ್ತಿಗೇ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದಿದ್ದರು. ನಮ್ಮ ಧಾಟಿ ನಮ್ಮ ಬಾಯಿಗೆ ಬೇಗ ಹತ್ತುತ್ತದೆ ಎಂದು ಜರ್ಮನಿಯಿಂದ ಬಂದವರಿಗೂ ತಿಳಿದಿತ್ತು.

ನರಕದ ಚಿತ್ರ ತೋರಿಸಿ ಮಕ್ಕಳನ್ನು ಹೆದರಿಸಬೇಡಿ. ಅಳುವ ಮಗು ಮಾನಸಾಂತರ ಹೊಂದಿದೆ, ಅಂದರೆ ಮನಸ್ಸು ತಿರುಗಿಸಿ ದೇವರ ಕಡೆ ಬಂದಿದೆ, ಎಂದು ಎಣಿಸಬೇಡಿ. ಯೇಸುವನ್ನು ಒಪ್ಪುತ್ತೇನೆ ಎಂದು ಕೈ ಎತ್ತಿದವರ ಲೆಕ್ಕ ಬರೆಯಬೇಡಿ. ಸಾಕ್ಷಿ ಹೇಳಿಸುವಾಗ ಮೈಕಿನ ಮುಂದೆ "ನಮ್ಮ ಅಪ್ಪ ಕುಡಿಯುತ್ತಾರೆ" ಎಂದು ಮಗು ಹೇಳುವ ಪರಿಸ್ಥಿತಿ ತರಬೇಡಿ. ಅಂಥ ಮಾತನ್ನು ಒಬ್ಬರು ಟೀಚರ್ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬೇಕು, ಸಭೆಯೆಲ್ಲ ಅಲ್ಲ.

ಬೇರೆ ಧರ್ಮದ ನೆರೆಮನೆ ಮಕ್ಕಳು ಗೆಳೆಯರ ಜೊತೆ ಬರುತ್ತಾರೆ. ಬರಲಿ. ಆದರೆ ಅವರ ತಂದೆತಾಯಿಯನ್ನು ಮುಖತಃ ಕಂಡು, ಇಲ್ಲಿ ಯೇಸುವಿನ ಕಥೆ ಹೇಳುತ್ತೇವೆ, ಪ್ರಾರ್ಥನೆ ಮಾಡುತ್ತೇವೆ ಎಂದು ಬಿಚ್ಚಿ ಹೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡ ಮೇಲೆ ಮಾತ್ರ. ಆಟಕ್ಕೆ ಕರೆದು ಬೇರೇನೋ ಮಾಡಿದರು ಎಂದು ಯಾರಿಗೂ ಅನ್ನಿಸಬಾರದು. ಆ ಮಕ್ಕಳನ್ನು ಯಾವುದಕ್ಕೂ ಒತ್ತಾಯಿಸುವಂತಿಲ್ಲ.

ಹೆಜ್ಜೆ 6: ಊಟ

ಅಳತೆಗೆ ಶಾಲೆಯ ಬಿಸಿಯೂಟದ ಲೆಕ್ಕ ಹಿಡಿಯಿರಿ. 5ನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ರವರಿಗೆ 150, 30, 75 ಗ್ರಾಂ. ಅನ್ನ ಸಾಂಬಾರ್, ಮಜ್ಜಿಗೆ, ಒಂದು ದಿನ ಮೊಟ್ಟೆ. ಬಿರಿಯಾನಿ ಶನಿವಾರಕ್ಕೆ ಇಡಿ. ಸ್ತ್ರೀಯರ ಕೂಟದವರೇ ಐದೂ ದಿನ ಒಲೆ ಮುಂದೆ ನಿಲ್ಲಬೇಕಿಲ್ಲ. ಎರಡು ದಿನದ ಅಡುಗೆ ಗಂಡಸರು ಮಾಡಲಿ, ಅದನ್ನು ಮಕ್ಕಳು ನೋಡಲಿ.

ಹೆಜ್ಜೆ 7: ಕುಟುಂಬಗಳ ರಾತ್ರಿ

ಶುಕ್ರವಾರ ಸಂಜೆ ಐದೂವರೆಗೆ ಎಲ್ಲರೂ ಸೇರಲಿ. ಭಾಷಣ ಬೇಡ. ಹೊರಗಿನ ಪ್ರಸಂಗಿಗಳನ್ನು ಕರೆಸಬೇಡಿ. ಮಕ್ಕಳು ಗುರುವಾರದ ನಾಟಕವನ್ನೇ ಮತ್ತೆ ಆಡಲಿ. ನಂತರ ಅಯ್ಯನವರು 45ನೇ ಅಧ್ಯಾಯ ಓದಿ, ಹತ್ತು ನಿಮಿಷ ಮಾತಾಡಲಿ.

ಅಲ್ಲಿ ತಪ್ಪದೆ ಹೇಳಬೇಕಾದದ್ದು ಎರಡಿದೆ. ಒಂದು, ಕ್ಷಮೆಗೆ ಹೊತ್ತು ಹಿಡಿಯುತ್ತದೆ. ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿದ. ಅವನು ಸತ್ತ ಮೇಲೂ ಅಣ್ಣಂದಿರು "ಯೋಸೇಫ ಈಗ ಸೇಡು ತೀರಿಸಿಕೊಂಡರೆ?" ಎಂದು ಹೆದರಿದರು. 17 ವರ್ಷ ಒಟ್ಟಿಗೆ ಇದ್ದೂ ಭಯ ಹೋಗಿರಲಿಲ್ಲ. ಯೋಸೇಫ ಅತ್ತು, ಮತ್ತೆ ಧೈರ್ಯ ಹೇಳಬೇಕಾಯಿತು. ಎರಡು, ಕ್ಷಮಿಸು ಎಂಬ ಮಾತನ್ನು ಪೆಟ್ಟು ತಿನ್ನುವ ಹೆಂಡತಿಗೋ, ಹಿಂಸೆಗೆ ಒಳಗಾದ ಮಗುವಿಗೋ ಹೇಳಿ ಮತ್ತೆ ಅದೇ ಕೈಗೆ ಒಪ್ಪಿಸಬಾರದು. ಯೋಸೇಫ ಅಣ್ಣಂದಿರ ಮುಂದೆ ತಾನು ಯಾರೆಂದು ಹೇಳಿಕೊಂಡದ್ದು ತಾನು ಸುರಕ್ಷಿತವಾಗಿದ್ದಾಗ, ಅವರು ಬದಲಾದದ್ದನ್ನು ನೋಡಿದ ಮೇಲೆ.

ಊಟವನ್ನು ಪಂಕ್ತಿಯಲ್ಲಿ ಕೂರಿಸಿ ಮಾಡಿಸಿ. ಅಪ್ಪಂದಿರು ಬಡಿಸಲಿ. ಆಮೇಲೆ ಪ್ರತಿ ಕುಟುಂಬ ಹಾಲಿನ ಒಂದೊಂದು ಮೂಲೆಗೆ ಹೋಗಿ ಮುಕ್ಕಾಲು ಗಂಟೆ ತಾವೇ ಕೂರಬೇಕು. ಫೋನುಗಳು ಒಂದು ಬುಟ್ಟಿಯಲ್ಲಿ. ಅಪ್ಪ ಕೊಲ್ಲಿಯಲ್ಲಿ ಇದ್ದರೆ ಆ ಮನೆಗೆ ಮಾತ್ರ ಫೋನ್ ಬೇಕು, ವಿಡಿಯೊ ಕರೆಯಲ್ಲಿ ಅವರೂ ಸೇರಲಿ. ಭಾರತಕ್ಕಿಂತ ದುಬೈ, ಮಸ್ಕತ್ ಒಂದೂವರೆ ಗಂಟೆ ಹಿಂದೆ, ಅಲ್ಲಿ ಶುಕ್ರವಾರ ಸಂಜೆ ಸಿಗುವವರೇ ಜಾಸ್ತಿ.

ಆ ಮೂಲೆಯಲ್ಲಿ ನಡೆಯಬೇಕಾದದ್ದು ಹೀಗೆ. ಅಜ್ಜ ಅಥವಾ ಅಜ್ಜಿ ತಮ್ಮ ಬಾಲ್ಯದ ಮನೆಯಲ್ಲಿ ಪ್ರಾರ್ಥನೆ ಹೇಗಿತ್ತು ಎಂದು ಹೇಳಲಿ. ಅಪೊಸ್ತಲ ಪೌಲನ ಶಿಷ್ಯ ತಿಮೊಥೆಯನ ನಂಬಿಕೆ ಅಜ್ಜಿ ಲೋವಿಯಿಂದ, ತಾಯಿ ಯೂನೀಕೆಯಿಂದ ಬಂತು ಎಂದು ಪೌಲನೇ ಬರೆದಿದ್ದಾನಲ್ಲ. ನಂತರ ಅಪ್ಪ ಅಥವಾ ಅಮ್ಮ ಮಕ್ಕಳ ಹತ್ತಿರ ಒಂದು ವಿಷಯಕ್ಕೆ ಕ್ಷಮೆ ಕೇಳಲಿ. ದೊಡ್ಡದೇ ಆಗಬೇಕಿಲ್ಲ: ಮಾರ್ಕ್ಸ್ ವಿಷಯಕ್ಕೆ ಎಲ್ಲರ ಮುಂದೆ ಬೈದದ್ದು, ಹೇಳಿದ ಮಾತು ತಪ್ಪಿದ್ದು. "ಆದರೆ ನೀನೂ ಹಾಗೆ ಮಾಡಿದೆ" ಎಂದು ಸೇರಿಸಬಾರದು. ಮಕ್ಕಳನ್ನು ಕೆಣಕಿ ಕೋಪ ಎಬ್ಬಿಸಬೇಡಿ ಎಂದು ಎಫೆಸದವರಿಗೆ ಬರೆದ ಪತ್ರ ಹೇಳುವುದು ತಂದೆಗಳಿಗೆ. ಇಡೀ ಶಿಬಿರದಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಈ ಮುಕ್ಕಾಲು ಗಂಟೆಯನ್ನೇ ಉಳಿಸಿಕೊಳ್ಳುತ್ತೇನೆ.

ಶನಿವಾರ ಬೆಳಗ್ಗೆ ಪ್ರತಿ ಮನೆ ಒಂದು ಹಾಳೆಯಲ್ಲಿ ಬರೆಯಲಿ: ನಮ್ಮ ಪ್ರಾರ್ಥನೆಯ ಹೊತ್ತು, ಯಾವ ದಿನ ಯಾರು ನಡೆಸುತ್ತಾರೆ, ಈ ಮೂರು ತಿಂಗಳಲ್ಲಿ ನಾವು ಬದಲಿಸುವ ಒಂದು ವಿಷಯ. ಒಂದೇ. ಹಾಳೆಯನ್ನು ಯಾರಿಗೂ ಓದಿ ಹೇಳಬೇಕಾಗಿಲ್ಲ.

ಹೆಜ್ಜೆ 8: ಮನೆಯ ಪ್ರಾರ್ಥನೆ, ಹತ್ತೇ ನಿಮಿಷ

ಬಹಳ ಮನೆಗಳಲ್ಲಿ ಕುಟುಂಬ ಪ್ರಾರ್ಥನೆ ನಿಲ್ಲುವುದು ಉದ್ದ ಜಾಸ್ತಿಯಾಗಿ. ಅಪ್ಪ ಇಪ್ಪತ್ತು ನಿಮಿಷ ಪ್ರಾರ್ಥಿಸಿದರೆ ಮಕ್ಕಳು ತೂಕಡಿಸುತ್ತಾರೆ, ಆಮೇಲೆ ಅದಕ್ಕೊಂದು ಬೈಗುಳ.

ಹೀಗೆ ಮಾಡಿ ನೋಡಿ. ಒಂದು ಹಾಡಿನ ಒಂದೆರಡು ಚರಣ. ಐದಾರು ವಚನ, ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಅದು ನಾಲ್ಕರಲ್ಲಿ ಚಿಕ್ಕದು. ಓದುವವರು ದಿನಾ ಬದಲಾಗಲಿ. ಒಂದೇ ಪ್ರಶ್ನೆ: "ಇದರಲ್ಲಿ ನಿಂಗೆ ಏನು ಹಿಡಿಸಿತು?" ತಪ್ಪು ಉತ್ತರ ಎಂಬುದಿಲ್ಲ. ಪ್ರತಿಯೊಬ್ಬರೂ ಒಂದು ವಾಕ್ಯದ ಪ್ರಾರ್ಥನೆ, ಚಿಕ್ಕ ಮಗು "ದೇವರೇ, ಟಾಮಿ ಕಾಲು ವಾಸಿ ಮಾಡು" ಎಂದರೆ ಅದಕ್ಕೂ ಆಮೆನ್. ಕೊನೆಗೆ ಕರ್ತನ ಪ್ರಾರ್ಥನೆ. ಮುಗಿಯಿತು.

ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ ಇದೆ. ಬೇರೆ ಸಭೆಯವರಾದರೂ ಇದನ್ನು ಕಲಿಯಬಹುದು. ದಿನಕ್ಕೊಮ್ಮೆ ಅಪ್ಪನ ಕೈ ಮಗಳ ತಲೆಯ ಮೇಲೆ ಇರುವುದು, ಆ ದಿನ ಜಗಳವಾಗಿದ್ದರೂ ಇರುವುದು, ದೊಡ್ಡ ವಿಷಯ.

ರಾತ್ರಿ ಪಾಳಿಯವರ ಮನೆಯಲ್ಲಿ ಬೆಳಗ್ಗೆ ತಿಂಡಿಯ ಹೊತ್ತು ಇರಲಿ. ಅದೂ ಆಗದಿದ್ದರೆ ವಾರಕ್ಕೆ ಮೂರು ದಿನ ಸಾಕು. ಆದರೆ ಆ ಮೂರು ದಿನ ತಪ್ಪಿಸಬೇಡಿ. ಒಂದು ವಾರ ಪೂರ್ತಿ ಬಿಟ್ಟುಹೋದರೆ ಕಾರಣ ಹುಡುಕುತ್ತಾ ಕೂರದೆ ಮರುದಿನ ಶುರು ಮಾಡಿ.

ಹದಿಹರೆಯದ ಮಗ "ನಾನು ಬರಲ್ಲ" ಎನ್ನಬಹುದು. ಎಳೆದು ಕೂರಿಸಬೇಡಿ, ಬೈದು ದೂರ ಮಾಡಬೇಡಿ. ಕೂರುವುದಷ್ಟೇ ಕೇಳಿ, ಪ್ರಾರ್ಥಿಸುವುದು ಅವನ ಇಷ್ಟ. ಅವನ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಒಟ್ಟಿಗೆ ಹುಡುಕಿ.

ಹೆಜ್ಜೆ 9: ಆಮೆನ್ ಆದ ಮೇಲೆ

ಮಕ್ಕಳು ನಂಬಿಕೆಯನ್ನು ನೋಡಿ ಕಲಿಯುವುದು ಉಳಿದ ಇಪ್ಪತ್ಮೂರು ಗಂಟೆ ಐವತ್ತು ನಿಮಿಷದಲ್ಲಿ. ಮನೆಗೆಲಸದವರಿಗೆ ಬೇರೆ ಲೋಟ ಇದೆಯೇ? ಇದ್ದರೆ ಇವತ್ತೇ ತೆಗೆಯಿರಿ. ಕ್ರಿಸ್ತನ ಮೇಜಿನಲ್ಲಿ, ಅಂದರೆ ಕರ್ತನ ಭೋಜನದಲ್ಲಿ, ಒಂದೇ ಪಾತ್ರೆಯಿಂದ ಕುಡಿಯುವವರು ನಾವು. ಹುಡುಗನ ತಟ್ಟೆಯನ್ನು ಅಕ್ಕ ತೊಳೆಯುತ್ತಾಳೆಯೇ? ಮಗನಿಗೂ ಸೊಸೆಗೂ ಬೇರೆ ಬೇರೆ ನ್ಯಾಯ ಇದೆಯೇ? ಸೋಮವಾರದ ಪಾಠ ಇಲ್ಲೇ ಪರೀಕ್ಷೆಗೆ ನಿಲ್ಲುತ್ತದೆ.

ಕಾಣಿಕೆಗೆ ಆರಾಧನೆಯ ಹೊತ್ತಿಗೆ ಮಗುವಿನ ಕೈಗೆ ನೋಟು ತುರುಕಬೇಡಿ. ಅದಕ್ಕೆ ಕೊಟ್ಟ ಪಾಕೆಟ್ ಮನಿಯಿಂದ ಅದೇ ಎತ್ತಿಡಲಿ. ಎರಡು ರೂಪಾಯಿ ಆದರೂ ಸರಿ. ಜಗಳವಾದ ದಿನ ಮಲಗುವ ಮೊದಲು ಮಾತಾಡಿ. ಸೂರ್ಯ ಮುಳುಗುವ ಮೊದಲು ಸಿಟ್ಟು ತೀರಲಿ ಎಂದು ಬೈಬಲಿನಲ್ಲಿದೆ. ನಮ್ಮಲ್ಲಿ ಜಗಳ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ, ಹಾಗಾಗಿ ದೀಪ ಆರಿಸುವ ಮೊದಲು ಎಂದಿಟ್ಟುಕೊಳ್ಳಿ. ಆಸ್ತಿ ವಿಷಯಕ್ಕೆ ಅಣ್ಣತಮ್ಮಂದಿರ ಮನೆಗೆ ಹೋಗುವುದು ನಿಂತಿದ್ದರೆ, ಮತ್ತಾಯ 5ರ ಮಾತಿನಂತೆ ಮೊದಲ ಹೆಜ್ಜೆ ನೀವೇ ಇಡಿ. ಕೋರ್ಟಿನ ಕೇಸು ಹಾಗೇ ಇದ್ದರೂ ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಬಹುದು.

ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆ ನೆರೆಮನೆಗೆ ಹೋಗುತ್ತದೆ. ಅವರ ಮನೆಯ ಸಾವಿಗೆ, ಆಸ್ಪತ್ರೆಗೆ ನಾವು ಹೋಗುತ್ತೇವೆಯೇ? ಮಕ್ಕಳನ್ನೂ ಕರೆದುಕೊಂಡು ಹೋಗಿ.

ತಂದೆ ಕುಡಿಯುವ ಮನೆ, ತಾಯಿ ಒಬ್ಬಳೇ ನಂಬುವ ಮನೆ, ಒಬ್ಬರೇ ಮಕ್ಕಳನ್ನು ಸಾಕುವ ಮನೆ, ಇವುಗಳಿಗೆ ಬೇರೆ ಗಮನ ಬೇಕು. ತಿಮೊಥೆಯನ ತಾಯಿ ಯೂನೀಕೆಯ ಗಂಡ ಗ್ರೀಕನು ಎಂದು ಅಪೊಸ್ತಲರ ಕೃತ್ಯಗಳು 16 ಹೇಳುತ್ತದೆ. ಅವಳು ಮಗನಿಗೆ ಕಲಿಸಿದಳು. ಇಂಥ ತಾಯಂದಿರಿಗೆ ಸಭೆಯ ಇನ್ನೊಂದು ಕುಟುಂಬವನ್ನು ಜೊತೆ ಮಾಡಿ. ವಾರಕ್ಕೊಮ್ಮೆ ಎರಡು ಮನೆ ಒಟ್ಟಿಗೆ ಕೂರಲಿ, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ.

ಹೆಜ್ಜೆ 10: ಜೂನ್‌ನಿಂದ ಆಗಸ್ಟ್

ಶಾಲೆ ಶುರುವಾದ ಎರಡನೇ ವಾರ ಶಿಕ್ಷಕರು ಮತ್ತೆ ಅದೇ ಮನೆಗಳಿಗೆ ಹೋಗಬೇಕು. "ಪ್ರಾರ್ಥನೆ ನಡೀತಿದೆಯಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು ಅವರ ಹೊತ್ತಿಗೇ ಹೋಗಿ, ಅವರ ಜೊತೆ ಕೂತುಬಿಡಿ. ಜೂನ್ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಕುಟುಂಬಗಳೆಲ್ಲ ಅರ್ಧ ಗಂಟೆ ಸೇರಿ, ಯಾವುದು ನಡೆಯಿತು, ಯಾವುದು ನಿಂತಿತು ಎಂದು ಮಾತಾಡಲಿ. ಆಗಸ್ಟ್ ರಜೆಯ ಒಂದು ದಿನ ಮತ್ತೊಮ್ಮೆ, ಈ ಸಲ ಬುತ್ತಿ ಕಟ್ಟಿಕೊಂಡು.

ಲೆಕ್ಕಪತ್ರವನ್ನು ಸಭಾ ಸಮಿತಿಗೆ ಜೂನ್ ಒಳಗೇ ಒಪ್ಪಿಸಿ. ಒಂದು ನೋಟ್‌ಬುಕ್ಕಿನಲ್ಲಿ ಅಕ್ಕಿ ಎಷ್ಟು ಬೇಕಾಯಿತು, ಯಾವ ಹಾಡು ಮಕ್ಕಳ ಬಾಯಲ್ಲಿ ಉಳಿಯಿತು, ಯಾವ ಆಟದಲ್ಲಿ ಪೆಟ್ಟಾಯಿತು, ಎಲ್ಲ ಬರೆದಿಡಿ. ಅದರ ಹಿಂದಿನ ಪುಟದಲ್ಲಿ ಶುಕ್ರವಾರ ರಾತ್ರಿ ಬಾರದ ಮನೆಗಳ ಪಟ್ಟಿ ಇರಲಿ. ಮುಂದಿನ ಫೆಬ್ರವರಿಯಲ್ಲಿ ಮೊದಲು ಹೋಗಬೇಕಾದದ್ದು ಆ ಮನೆಗಳಿಗೆ. ಹೋದಾಗ ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಮಗುವಿನ ಹೆಸರು ಹಿಡಿದು ವಿಚಾರಿಸಿ, ಅಜ್ಜಿಯ ಮಂಡಿನೋವು ಹೇಗಿದೆ ಎಂದು ಕೇಳಿ, ಕಾಫಿ ಕೊಟ್ಟರೆ ಕುಡಿಯಿರಿ. ಯಾವ ಹೊತ್ತಿಗೆ ಇಟ್ಟರೆ ಅವರಿಗೆ ಬರಲು ಅನುಕೂಲ ಎಂಬುದು ಆ ಮಾತಿನಲ್ಲೇ ತಿಳಿಯುತ್ತದೆ.